ಹಳೆಯ ಬೆಳ್ಳಿಯನ್ನು ಉಜ್ಜುವ ಮುನ್ನ

ಶ್ರಾವಣಮಾಸವು ಸಮೀಪಿಸಿತೆಂದರೆ, ವರಮಹಾಲಕ್ಷ್ಮೀ ವ್ರತಕ್ಕೆ ಇನ್ನೂ ಎಂಟು ಹತ್ತು ದಿನಗಳಿರುವಾಗಲೇ, ನಮ್ಮ ಮನೆಗಳಲ್ಲಿ ಬೆಳ್ಳಿಯ ಸಾಮಾನು ಬೀರುವಿನಿಂದ ಹೊರಬಂದು ನಡುಮನೆಯ ಚಾಪೆಯ ಮೇಲೆ ಸಾಲುಗೂಡುತ್ತದೆ. ವರ್ಷವೆಲ್ಲ ಕತ್ತಲೆಯಲ್ಲಿದ್ದು ಮುಖ ಕಂದಿದ ಕಲಶ, ಹರಿವಾಣ, ಪಂಚಪಾತ್ರೆ, ಉದ್ಧರಣೆ, ಪನ್ನೀರುದಾನಿ, ಕುಂಕುಮಭರಣಿ ಇವುಗಳ ಜೊತೆಗೆ, ಅನುಕೂಲಸ್ಥರ ಹಳೆಯ ಮನೆಗಳಲ್ಲಾದರೆ, ಸ್ಥಾನ ಬಿಟ್ಟು ಕದಲದ ಬೆಳ್ಳಿಯೂ ಉಂಟು: ದೇವರಮನೆಯ ಬಾಗಿಲಿಗೆ ಹೊದಿಸಿದ ತಗಡು, ಮಂಟಪದ ಕಂಬಗಳು, ತೂಗುದೀಪದ ಸರಪಳಿ, ಮಣೆಯ ಅಂಚಿನ ಕಟ್ಟು, ತೊಟ್ಟಿಲಿನ ಕಾಲುಗಳ ಹೊದಿಕೆ. ಇವೆಲ್ಲಕ್ಕೂ ಆ ವಾರದಲ್ಲಿ ಸಲ್ಲುವ ಸೇವೆ ಒಂದೇ. ಒಬ್ಬರು ವಿಭೂತಿಯಿಂದ, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟಿನಿಂದ, ಮತ್ತೊಬ್ಬರು ಅಂಗಡಿಯಿಂದ ತಂದ ದ್ರಾವಣದಿಂದ, ಕಪ್ಪಿನ ಕುರುಹೂ ಉಳಿಯದಂತೆ ಉಜ್ಜುವುದು. ಈ ಸೇವೆಯ ಹಿಂದಿರುವ ಭಕ್ತಿಯನ್ನೂ ಶ್ರದ್ಧೆಯನ್ನೂ ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಆದರೂ ಹೇಳಲೇಬೇಕಾದ ಮಾತೊಂದಿದೆ: ಹಿರಿಯರಿಂದ ನಮಗೆ ಬಂದ ಬೆಳ್ಳಿಗೆ ಕಪ್ಪಿನಿಂದ ಆಗಿರುವ ಹಾನಿಗಿಂತ, ಆ ಕಪ್ಪನ್ನು ತೆಗೆಯುವ ನಮ್ಮ ಪ್ರಯತ್ನದಿಂದ ಆಗಿರುವ ಹಾನಿಯೇ ಹೆಚ್ಚಿನದು, ಮತ್ತು ಕಪ್ಪು ಬಾರದಂತೆ ತಡೆಯುವ ಉಪಾಯಗಳು ಬಂದ ಮೇಲೆ ತೆಗೆಯುವ ಉಪಾಯಗಳಿಗಿಂತ ಸುಲಭವೂ ಅಗ್ಗವೂ ಆಗಿದ್ದರೂ, ಅವುಗಳ ಕಡೆಗೆ ಲಕ್ಷ್ಯ ಕೊಟ್ಟವರು ನಮ್ಮಲ್ಲಿ ವಿರಳ.

ಬೆಳ್ಳಿಯ ಮೇಲೆ ಕೂರುವ ಈ ಕಪ್ಪು ಕಬ್ಬಿಣದ ತುಕ್ಕಿನ ಜಾತಿಗೆ ಸೇರಿದುದಲ್ಲ. ಸಾಧಾರಣ ಶಾಖದಲ್ಲಿ ಗಾಳಿಯ ಆಮ್ಲಜನಕವು ಬೆಳ್ಳಿಯನ್ನು ಬಾಧಿಸಲಾರದು, ಬಾಧಿಸತಕ್ಕದ್ದು ಗಂಧಕ. ಚರಂಡಿಯಿಂದಲೂ ಕೊಳೆಯುವ ಸಸ್ಯಗಳಿಂದಲೂ ನಿಂತ ನೀರಿನಿಂದಲೂ ಹೊರಡುವ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲವು, ಗಾಳಿಯ ನೂರು ಕೋಟಿ ಭಾಗಗಳಲ್ಲಿ ಒಂದು ಭಾಗದಷ್ಟು ಬೆರೆತಿದ್ದರೂ ಸಾಕು, ಕಾಲಕ್ರಮದಲ್ಲಿ ಬೆಳ್ಳಿಯ ಮೈಯೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದಾರ್ಥವಾಗಿ ಪರಿಣಮಿಸುತ್ತದೆ. ಗಾಳಿಯಲ್ಲಿ ತೇವವು ಹೆಚ್ಚಿದಷ್ಟೂ ಈ ವ್ಯಾಪಾರವು ಚುರುಕಾಗುತ್ತದೆ. ಆದುದರಿಂದಲೇ ಬಯಲುಸೀಮೆಯಲ್ಲಿ ಆರು ತಿಂಗಳು ತೊಳಗುವ ಹರಿವಾಣವು ಮಳೆಗಾಲದ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಬಹುಬೇಗ ಮಂಕಾಗುವುದು. ಪಾತ್ರೆಗಳಿಗೂ ಆಭರಣಗಳಿಗೂ ಬಳಸುವ ಬೆಳ್ಳಿ ಸಾಮಾನ್ಯವಾಗಿ ಅಪ್ಪಟವಾದುದಲ್ಲ. ಗಟ್ಟಿತನಕ್ಕಾಗಿ ಅದಕ್ಕೆ ತಾಮ್ರವನ್ನು ಬೆರೆಸಿರುತ್ತಾರೆ. 925 ಎಂದು ಮುದ್ರೆಯೊತ್ತಿದ ಬೆಳ್ಳಿಯೆಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಆ ತಾಮ್ರವು ತಾನು ಬೇಗ ಕಂದಿ, ಒಟ್ಟು ಮೈಯ ಬಣ್ಣವನ್ನೂ ಬೇಗ ಕೆಡಿಸುತ್ತದೆ.

ಬಣ್ಣಗೆಡುವ ಕ್ರಮವನ್ನು ಗಮನವಿಟ್ಟು ನೋಡಿದವರಿಗೆ ಅದು ಒಮ್ಮೆಗೇ ಕಪ್ಪಾಗುವುದಿಲ್ಲವೆಂಬುದು ಗೊತ್ತು. ಮೊದಲು ತೆಳುವಾದ ಹೊಂಬಣ್ಣ, ಆಮೇಲೆ ಕಂದು, ಅನಂತರ ನೇರಳೆಯೂ ನೀಲಿಯೂ ಬೆರೆತ ಛಾಯೆ, ಕಡೆಗೆ ಕಪ್ಪು. ಹೊಂಬಣ್ಣ ತೋರುವಾಗ ಆ ಪೊರೆ ಎಷ್ಟು ತೆಳುವೆಂದರೆ ಅದನ್ನು ಅಳೆಯುವುದಕ್ಕೆ ವಿಶೇಷ ಸಾಧನಗಳೇ ಬೇಕು. ಈ ಅಳತೆಯನ್ನು ಇಂದು ದಿನನಿತ್ಯದ ಕೆಲಸವಾಗಿ ಮಾಡುವವರು ಅಕ್ಕಸಾಲಿಗರಲ್ಲ, ಗಣಕಯಂತ್ರಗಳ ದೊಡ್ಡ ಭಂಡಾರಗಳನ್ನು ಕಾಯುವ ಎಂಜಿನಿಯರುಗಳು. ಡೇಟಾ ಸೆಂಟರುಗಳಲ್ಲಿ ತಾಮ್ರದ ಮತ್ತು ಬೆಳ್ಳಿಯ ಸಣ್ಣ ತುಣುಕುಗಳನ್ನು ಒಂದು ತಿಂಗಳ ಕಾಲ ಗಾಳಿಗೆ ಒಡ್ಡಿಟ್ಟು, ಬೆಳ್ಳಿಯ ಮೇಲೆ ಬೆಳೆದ ಪೊರೆಯು 200 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದರೆ ಮಾತ್ರ ಅಲ್ಲಿಯ ಗಾಳಿ ಸೌಮ್ಯವಾದುದೆಂದು ಅವರು ಒಪ್ಪುತ್ತಾರೆ. 200 ಆಂಗ್‌ಸ್ಟ್ರಾಮ್ ಎಂದರೆ ಒಂದು ಮಿಲಿಮೀಟರಿನ 50,000ದಲ್ಲಿ ಒಂದು ಪಾಲು. ಯಂತ್ರಗಳ ಆಯುಸ್ಸನ್ನು ತಿಳಿಯುವುದಕ್ಕೆ ಅವರು ಬೆಳ್ಳಿಯನ್ನು ಸಾಕ್ಷಿಯಾಗಿ ಕರೆಯುತ್ತಾರೆ. ನಮ್ಮ ದೇವರಮನೆಯ ಬೆಳ್ಳಿಯೂ ಅದೇ ಸಾಕ್ಷ್ಯವನ್ನು ನುಡಿಯುತ್ತಿರುತ್ತದೆ. ಹೊಲಸುಗಟ್ಟಿದ ಕೆರೆಯ ಪಕ್ಕದಲ್ಲಿ, ತೆರೆದ ಚರಂಡಿಯ ಮಗ್ಗುಲಲ್ಲಿ, ಬೆಳ್ಳಿ ವಾರಗಳಲ್ಲಿಯೇ ಕಪ್ಪೇರಿದರೆ ಅದು ಬೆಳ್ಳಿಯ ದೋಷವಲ್ಲ. ಆ ಮನೆಯ ಮಕ್ಕಳು ಉಸಿರಾಡುವ ಗಾಳಿಯ ದೋಷ. ನಗರಸಭೆಗಳು ಕೇಳಬೇಕಾದ ಸಾಕ್ಷ್ಯವಿದು.

ಪೊರೆಯು ಇಷ್ಟು ತೆಳುವಾದುದಾದರೆ ಅದನ್ನು ಉಜ್ಜಿ ತೆಗೆಯುವುದರಿಂದ ಏನು ನಷ್ಟವೆಂದು ಕೇಳಬಹುದು. ನಷ್ಟವಿರುವುದು ಇಲ್ಲಿಯೇ. ಪೊರೆಯನ್ನು ಮಾತ್ರ ತೆಗೆದು ಅದರ ಕೆಳಗಿನ ಲೋಹವನ್ನು ಮುಟ್ಟದೆ ಬಿಡುವ ವಿವೇಕ ಯಾವ ಪುಡಿಗೂ ಇಲ್ಲ. ಬೆಳ್ಳಿ ಮೃದುವಾದ ಲೋಹ. ಖನಿಜಗಳ ಕಾಠಿಣ್ಯವನ್ನು ಒಂದರಿಂದ ಹತ್ತರವರೆಗೆ ಗಣಿಸುವ ಮಾನದಲ್ಲಿ ಅದಕ್ಕೆ ಸಲ್ಲುವುದು ಎರಡೂವರೆಯಿಂದ ಮೂರರ ಸ್ಥಾನ. ಬೆರಳಿಗೆ ನುಣುಪೆಂದು ತೋರುವ ವಿಭೂತಿಯಲ್ಲಿ, ಅದು ನಿಜವಾಗಿ ಸಗಣಿಯ ಭಸ್ಮವೇ ಆಗಿದ್ದರೆ, ಹುಲ್ಲಿನಿಂದ ಬಂದ ಸಿಲಿಕಾ ಧಾರಾಳವಾಗಿರುತ್ತದೆ. ಸಿಲಿಕಾ ಬೆಳ್ಳಿಗಿಂತ ಎಷ್ಟೋ ಪಾಲು ಕಠಿಣ. ಹಲ್ಲಿನ ಪೇಸ್ಟಿನಲ್ಲಿಯೂ ಬಹುಮಟ್ಟಿಗೆ ಅದೇ ಬಗೆಯ ಕಣಗಳಿರುತ್ತವೆ, ಹಲ್ಲಿನ ದಂತಕವಚವು ಬೆಳ್ಳಿಗಿಂತ ಗಟ್ಟಿಯಾದುದು, ಅದು ತಾಳುತ್ತದೆ, ಬೆಳ್ಳಿ ತಾಳಲಾರದು. ಹಬ್ಬಹಬ್ಬಕ್ಕೂ ನಾವು ಪಡೆಯುವ ಹೊಳಪು, ತೇಯ್ದಷ್ಟೂ ಕೊರಡು ಕುಗ್ಗಿ ಗಂಧವನ್ನು ಕೊಡುವಂತೆ, ಬೆಳ್ಳಿಯ ಮೈಯಿಂದಲೇ ತೆತ್ತುಬಂದ ಹೊಳಪು. ಗಂಧದ ಕೊರಡು ತೇಯುವುದಕ್ಕೆಂದೇ ಇರುವುದು. ಕುಸುರಿ ಕೆತ್ತಿದ ಬೆಳ್ಳಿ ಹಾಗಲ್ಲ.

ಈ ಮಾತು ಉತ್ಪ್ರೇಕ್ಷೆಯೆಂದು ತೋರುವವರಿಗೆ, ಹಳೆಯ ಮೈಸೂರು ಸೀಮೆಯ ಒಂದು ತೊಟ್ಟಿಮನೆಯಲ್ಲಿ ನಾನು ಕಂಡ ದೇವರಮನೆಯ ಬಾಗಿಲನ್ನು ವರ್ಣಿಸಬೇಕಾಗಿದೆ. ತೇಗದ ಎರಡು ಕದಗಳು. ಅವುಗಳ ಮೇಲೆ ಹಿತ್ತಾಳೆಯ ಸಣ್ಣ ಮೊಳೆಗಳಿಂದ ಕೂರಿಸಿದ, ಉಬ್ಬುಕೆಲಸದ ಬೆಳ್ಳಿಯ ತಗಡು. ಮೇಲಣ ಪಟ್ಟಿಯಲ್ಲಿ ಹಂಸಗಳ ಸಾಲು. ಒಂದೊಂದು ಹಂಸದ ರೆಕ್ಕೆಯಲ್ಲಿಯೂ ಗರಿಗರಿಯ ಗೆರೆ ಸ್ಪಷ್ಟ. ಕೊಕ್ಕಿನಿಂದ ಇಳಿದ ಮುತ್ತಿನ ಎಳೆಯಲ್ಲಿ ಮಣಿಗಳನ್ನು ಎಣಿಸಬಹುದು. ತಗ್ಗಿನಲ್ಲಿ ಕಪ್ಪು ನಿಂತು, ಉಬ್ಬಿನಲ್ಲಿ ಬೂದುಬಿಳುಪು ತೋರಿ, ಅಕ್ಕಸಾಲಿಗನು ಉದ್ದೇಶಿಸಿದ ನೆರಳುಬೆಳಕೆಲ್ಲ ಹಾಗೆಯೇ ಇತ್ತು. ಅದರ ಕೆಳಗೆ, ನಿಂತವರ ಎದೆಮಟ್ಟಕ್ಕೆ, ಎರಡು ಕದಗಳಲ್ಲಿಯೂ ಗಜಲಕ್ಷ್ಮಿ. ದೇವಿಯ ಮುಖವಿರಬೇಕಾದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಥಳಥಳಿಸುವ ಒಂದು ಉಬ್ಬು ಮಾತ್ರ; ಆನೆಗಳ ಸೊಂಡಿಲು ಎಲ್ಲಿ ಮುಗಿದು ಕುಂಭ ಎಲ್ಲಿ ಮೊದಲಾಗುತ್ತದೆಂಬುದು ತಿಳಿಯದು; ಚಿಲಕದ ಸುತ್ತ ತಗಡು ಸವೆದು ತೂತುಬಿದ್ದು ತೇಗದ ಮರವೇ ಹೊರಗೆ ಕಾಣುತ್ತಿತ್ತು. ತಮ್ಮ ಅತ್ತೆಯ ಕಾಲದಲ್ಲಿ ಲಕ್ಷ್ಮಿಯ ಮೂಗಿನ ನತ್ತೂ ಕಾಣುತ್ತಿತ್ತೆಂದು ಮನೆಯ ಹಿರಿಯರೊಬ್ಬರು ಹೇಳಿದರು. ಒಂದೇ ಬಾಗಿಲು, ಒಂದೇ ಗಾಳಿ, ಒಂದೇ ವಯಸ್ಸು, ಒಬ್ಬನೇ ಕುಶಲಿಯ ಕೆಲಸ. ವ್ಯತ್ಯಾಸವಿಷ್ಟೇ: ಮೇಲಿನ ಹಂಸಗಳು ಉಜ್ಜುವವರ ಕೈಗೆ ಎಟುಕುತ್ತಿರಲಿಲ್ಲ. ಕಪ್ಪಾಗುವುದಕ್ಕೆ ಬಿಟ್ಟ ಶಿಲ್ಪ ಉಳಿಯಿತು. ಭಕ್ತಿಯಿಂದ ಬೆಳಗಿಸಿದ ಶಿಲ್ಪ ಅಳಿಯಿತು.

ಸಿಲ್ವರ್ ಸಲ್ಫೈಡಿನ ಪೊರೆ ನೋಡುವುದಕ್ಕೆ ಅಪ್ರಿಯವಾದರೂ ತಗಡನ್ನು ತೂತುಮಾಡುವ ಶಕ್ತಿ ಅದಕ್ಕಿಲ್ಲ; ಬೆಳೆದಷ್ಟೂ ಅದರ ಬೆಳವಣಿಗೆ ಸಾಮಾನ್ಯವಾಗಿ ನಿಧಾನವಾಗುತ್ತದೆ. ಆದುದರಿಂದ ಮನೆಯ ಯಾವ ಬೆಳ್ಳಿಯೂ, ಇಂದು ಕಪ್ಪಾಗಿದೆಯೆಂಬ ಒಂದೇ ಕಾರಣದಿಂದ, ಇಂದೇ ಉಜ್ಜಬೇಕಾದ ಆಪತ್ತಿನಲ್ಲಿರುವುದಿಲ್ಲ.

ತಡೆಯುವ ಉಪಾಯಗಳಲ್ಲಿ ಮೊದಲನೆಯದು, ಗಂಧಕವು ಎಲ್ಲೆಲ್ಲಿ ಅಡಗಿರುತ್ತದೆಂಬುದನ್ನು ಅರಿಯುವುದು. ನಮ್ಮ ಅಡಿಗೆಮನೆಯ ಪರಿಮಳಗಳಲ್ಲಿ ಗಂಧಕಕ್ಕೆ ದೊಡ್ಡ ಪಾಲುಂಟು. ಇಂಗು, ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ ಇವುಗಳ ಘಾಟೆಲ್ಲ ಗಂಧಕದ ಸಂಯುಕ್ತಗಳಿಂದ ಬಂದದ್ದು. ಇಂಗಿನ ಡಬ್ಬಿಯಿರುವ ಕಪಾಟಿನಲ್ಲಿಯೇ ಬೆಳ್ಳಿಯ ಲೋಟಗಳನ್ನು ಇಟ್ಟು, ಅವು ಬೇಗ ಕಪ್ಪಾದುವೆಂದು ಮಾರಿದ ಅಂಗಡಿಯವನನ್ನು ದೂರುವುದು ನ್ಯಾಯವಲ್ಲ. ದೀಪಾವಳಿಯ ಪಟಾಕಿಯ ಮದ್ದಿನಲ್ಲಿಯೂ ಗಂಧಕ ಮುಖ್ಯ ದ್ರವ್ಯ. ಆ ಮೂರು ದಿನ ಬೆಳ್ಳಿಯ ಬೀರುವನ್ನು ಭದ್ರವಾಗಿ ಮುಚ್ಚಿಡುವುದು ಲೇಸು. ರಬ್ಬರನ್ನು ಗಟ್ಟಿಮಾಡುವುದೇ ಗಂಧಕದಿಂದ. ಬೆಳ್ಳಿಯ ಚಮಚಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟು ವರ್ಷದ ಮೇಲೆ ಬಿಚ್ಚಿದರೆ, ಬ್ಯಾಂಡಿದ್ದಲ್ಲಿ ಗೆರೆ ಎಳೆದಂತೆ ಕಪ್ಪು ನಿಂತಿರುತ್ತದೆ. ಉಣ್ಣೆಯಲ್ಲಿ ಸಹಜವಾಗಿಯೇ ಗಂಧಕವಿದೆ. ಆದುದರಿಂದ ಹಳೆಯ ಶಾಲು, ಉಣ್ಣೆಯ ಮಫ್ಲರು ಮೊದಲಾದುವುಗಳಲ್ಲಿ ಬೆಳ್ಳಿಯನ್ನು ಸುತ್ತಿಡುವುದು ಕೂಡದು. ವೃತ್ತಪತ್ರಿಕೆಯ ಅಗ್ಗದ ಕಾಗದದಲ್ಲಿ ಆಮ್ಲವೂ ಇರುತ್ತದೆ, ಗಂಧಕದ ಶೇಷವೂ ಇರಬಹುದು. ಈ ಬರಹವನ್ನು ಹೊತ್ತ ಹಾಳೆಯನ್ನು ಓದಿದ ಮೇಲೆ ಬೇರೆ ಯಾವುದಕ್ಕಾದರೂ ಬಳಸಿರಿ, ಬೆಳ್ಳಿ ಸುತ್ತುವುದಕ್ಕೆ ಬೇಡ.

ಹೆಚ್ಚು ಜನ ಸಂದೇಹಿಸದ ಅಪರಾಧಿಯೆಂದರೆ ಬೆಳ್ಳಿಗೆಂದೇ ಮಾಡಿಸಿದ ಪೆಟ್ಟಿಗೆ. ಒಳಗೆ ಕೆಂಪು ಮಕಮಲ್ಲು ಅಂಟಿಸಿದ ಅಂದದ ಪೆಟ್ಟಿಗೆಗಳನ್ನು ನಾವೆಲ್ಲ ಕಂಡಿದ್ದೇವೆ. ಆ ಬಟ್ಟೆಯ ಬಣ್ಣದಲ್ಲಿ, ಅದನ್ನು ಅಂಟಿಸಿದ ಗೋಂದಿನಲ್ಲಿ, ಹಲವೊಮ್ಮೆ ಬೆಳ್ಳಿಗೆ ವಿಷವಾದ ವಸ್ತುಗಳಿರುತ್ತವೆ. ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳೂ ಈ ಪಾಠವನ್ನು ಕಲಿಯಬೇಕಾಯಿತು. ಪ್ರದರ್ಶನದ ಗಾಜಿನ ಪೆಟ್ಟಿಗೆಗಳಲ್ಲಿ ಬಳಸುವ ಬಟ್ಟೆ, ಮರ, ಬಣ್ಣ, ಅಂಟುಗಳೇ ಒಳಗಿಟ್ಟ ಲೋಹಗಳನ್ನು ಕೆಡಿಸಬಲ್ಲುವಾದುದರಿಂದ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ ಎಂಬ ವಿಜ್ಞಾನಿ 1973ರಲ್ಲಿ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಪರೀಕ್ಷಿಸಬೇಕಾದ ವಸ್ತುವಿನ ತುಣುಕನ್ನು ಬೆಳ್ಳಿ, ತಾಮ್ರ, ಸೀಸಗಳ ಚೂರುಗಳೊಡನೆ ಮುಚ್ಚಿದ ಗಾಜಿನ ನಳಿಗೆಯಲ್ಲಿ, ತೇವವಿಟ್ಟು, 60 ಡಿಗ್ರಿ ಶಾಖದಲ್ಲಿ 28 ದಿನ ಇಡುವುದು. ಲೋಹ ಕಳೆಗುಂದಿದರೆ ಆ ವಸ್ತು ಪೆಟ್ಟಿಗೆಗೆ ಅನರ್ಹ. ಇಂದಿಗೂ ಅನೇಕ ವಸ್ತುಸಂಗ್ರಹಾಲಯಗಳು ಈ ಪರೀಕ್ಷೆಯನ್ನು ನಡೆಸಿಯೇ ಬಟ್ಟೆಯನ್ನು ಕೊಳ್ಳುತ್ತವೆ. ಮನೆಯಲ್ಲಿ ನಳಿಗೆಯೂ ಬೇಡ, ಕುಲುಮೆಯೂ ಬೇಡ. ನಾಲ್ಕಾರು ಬಾರಿ ಒಗೆದು ಗಂಜಿ ಬಿಟ್ಟ, ಬಣ್ಣ ಹಾಕದ ಹತ್ತಿಬಟ್ಟೆಯೊಂದಿದ್ದರೆ ಸಾಕು. ಹಳೆಯ ಬಿಳಿಯ ಪಂಚೆಯ ತುಂಡಿಗಿಂತ ಉತ್ತಮವಾದ ಹೊದಿಕೆ ಬೆಳ್ಳಿಗೆ ದೊರೆಯದು. ಅದರಲ್ಲಿ ಒಂದೊಂದು ಸಾಮಾನನ್ನೂ ಬೇರೆ ಬೇರೆಯಾಗಿ ಸುತ್ತಿ, ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಆದಷ್ಟು ಹೊರಗೆ ಹೋಗುವಂತೆ ಬಾಯಿ ಕಟ್ಟಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣವೊಂದನ್ನು ಹಾಕಿದರೆ ತೇವದ ಭಯವೂ ತಗ್ಗುತ್ತದೆ. ಪಿ.ವಿ.ಸಿ. ಪ್ಲಾಸ್ಟಿಕ್ಕು ಮಾತ್ರ ಬೇಡ. ಅದರಿಂದ ಹೊರಡುವ ಪದಾರ್ಥಗಳು ಬೆಳ್ಳಿಗೆ ಹಿತವಲ್ಲ. ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನೇ ನೂಲಿನಲ್ಲಿ ಸೇರಿಸಿ ನೇಯ್ದ ವಿಶೇಷ ಬಟ್ಟೆಗಳೂ ಉಂಟು. ಆ ಕಣಗಳು ಗಂಧಕವನ್ನು ತಾವು ಹೀರಿಕೊಂಡು ಒಳಗಿನ ಪಾತ್ರೆಯನ್ನು ಕಾಯುತ್ತವೆ. ಅನುಕೂಲವಿದ್ದವರು ಅದನ್ನು ತರಿಸಿಕೊಳ್ಳಬಹುದು.

ಎಲ್ಲಕ್ಕಿಂತ ಸರಳವಾದ ರಕ್ಷಣೆಯೆಂದರೆ ಬಳಕೆ. ನಿತ್ಯಪೂಜೆಯ ಉದ್ಧರಣೆ, ದಿನವೂ ಹಾಲು ಕುಡಿಯುವ ಮಗುವಿನ ಲೋಟ ಇವು ಕಪ್ಪಾಗುವುದು ಅಪರೂಪ. ಆಗಾಗ ತೊಳೆದು ಒರೆಸುವುದರಿಂದ ಪೊರೆ ಬೆಳೆಯುವುದಕ್ಕೆ ಅವಕಾಶವೇ ದೊರೆಯುವುದಿಲ್ಲ. ಬೀರುವಿನಲ್ಲಿ ಹತ್ತು ತಿಂಗಳು ಸೆರೆಯಿಟ್ಟು ಎರಡು ದಿನ ಉಜ್ಜುವುದಕ್ಕಿಂತ, ವಾರಕ್ಕೊಮ್ಮೆ ಹೊರತೆಗೆದು ಬಳಸುವುದು ಬೆಳ್ಳಿಗೂ ಲೇಸು, ಮನೆಯವರ ಸಂತೋಷಕ್ಕೂ ಲೇಸು. ಆದರೆ ಬಳಸಿದೊಡನೆ ತೊಳೆಯತಕ್ಕದ್ದು. ಬೆಳ್ಳಿಯ ತಟ್ಟೆಯಲ್ಲಿ ಉಪ್ಪು, ಉಪ್ಪಿನಕಾಯಿ ರಾತ್ರಿಯೆಲ್ಲ ಉಳಿದರೆ ಆಗುವ ಕಲೆ ಗಂಧಕದ ಕಪ್ಪಿಗಿಂತ ಕೆಟ್ಟದ್ದು. ಉಪ್ಪು ಲೋಹವನ್ನು ಕೊರೆಯುತ್ತದೆ. ಬೆವರಿನಲ್ಲಿಯೂ ಉಪ್ಪಿರುವುದರಿಂದ, ತೊಳೆದು ಒರೆಸಿದ ಮೇಲೆ ಬರಿಗೈಯಲ್ಲಿ ಹಿಡಿಯದೆ ಬಟ್ಟೆಯಲ್ಲಿ ಹಿಡಿದು ಒಳಗಿಡುವುದು ಒಳ್ಳೆಯ ಅಭ್ಯಾಸ. ತೊಳೆಯುವುದಕ್ಕೆ ಉಗುರುಬೆಚ್ಚನೆಯ ನೀರು ಮತ್ತು ಅಂಟುವಾಳದ ಕಾಯಿಯ ನೊರೆ ಸಾಕು. ಅಕ್ಕಸಾಲಿಗರು ತಲೆಮಾರುಗಳಿಂದ ನೆಚ್ಚಿಬಂದ ಈ ನೊರೆಯಲ್ಲಿ ಗೀರುವ ಕಣವಿಲ್ಲ. ಹುಣಿಸೆಹಣ್ಣು ಹಿತ್ತಾಳೆ ತಾಮ್ರಗಳಿಗೆ ಸರಿ. ಬೆಳ್ಳಿಯ ಸಲ್ಫೈಡಿನ ಮೇಲೆ ಅದರ ಪ್ರಭಾವ ನಡೆಯದು.

ಸ್ಥಿರವಾದ ಬೆಳ್ಳಿಯ ಮಾತು ಇನ್ನೂ ಸೂಕ್ಷ್ಮವಾದುದು. ಬಾಗಿಲನ್ನೂ ಮಂಟಪವನ್ನೂ ಚೀಲದಲ್ಲಿ ಕಟ್ಟಿಡುವಂತಿಲ್ಲ. ಅವು ವರ್ಷವೆಲ್ಲ ಗಾಳಿಗೂ ದೀಪದ ಮಸಿಗೂ ಊದುಬತ್ತಿಯ ಹೊಗೆಗೂ ಕರ್ಪೂರದ ಕಾಡಿಗೆಗೂ ಮೈಯೊಡ್ಡಿ ನಿಂತಿರುತ್ತವೆ. ಮಂಟಪದ ಕಂಬದ ಮೇಲೆ ನಾವು ಕಪ್ಪೆಂದು ಭಾವಿಸುವುದರಲ್ಲಿ ಅರ್ಧಕ್ಕರ್ಧ ಎಣ್ಣೆ ಬೆರೆತ ಮಸಿಯೇ. ಅದಕ್ಕೆ ಪುಡಿ ಹಾಕಿ ಉಜ್ಜಬೇಕಾದ ಅಗತ್ಯವಿಲ್ಲ, ಮೆತ್ತನೆಯ ಬಟ್ಟೆಯನ್ನು ಸಾಬೂನುನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿದರೆ ಬಿಡುತ್ತದೆ. ಹಿಂಡಿ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ತಗಡಿನ ಹಿಂದೆ ಮರವಿದೆ, ಮರಕ್ಕೆ ಹೊಡೆದ ಮೊಳೆಯಿದೆ. ನೀರು ಸಂದಿಯಲ್ಲಿ ಇಳಿದರೆ ಮರ ಉಬ್ಬಿ ತಗಡು ಬಿರಿಯುತ್ತದೆ, ಕಬ್ಬಿಣದ ಮೊಳೆಯಾದರೆ ತುಕ್ಕು ಹಿಡಿದು ಬೆಳ್ಳಿಯ ಮೇಲೆ ಕೆಂಪು ಕಲೆ ಇಳಿಯುತ್ತದೆ. ಉಬ್ಬುಕೆಲಸದ ಕೆಲವು ಸಾಮಾನುಗಳ ಒಳಗೆ ಅರಗನ್ನು ತುಂಬಿರುತ್ತಾರೆ. ಬಿಸಿನೀರು ತಗಲಿದರೆ ಅದು ಮೆತ್ತಗಾಗಿ ಆಕಾರವೇ ಕೆಡಬಹುದು. ದೀಪವನ್ನು ಕಂಬದಿಂದ ಒಂದು ಮೊಳ ದೂರ ಇಡುವುದು, ವಾರಕ್ಕೊಮ್ಮೆ ಮೆತ್ತನೆಯ ಕುಂಚದಿಂದ ಧೂಳು ಝಾಡಿಸುವುದು, ಕುಂಕುಮ ಅರಿಸಿನಗಳನ್ನು ಲೋಹದ ಮೇಲೆ ನೇರವಾಗಿ ಮೆತ್ತದೆ ಎಲೆಯ ಮೇಲೆಯೋ ಹೂವಿನ ಮೇಲೆಯೋ ಅರ್ಪಿಸುವುದು, ಇಷ್ಟರಿಂದ ಪೂಜೆಗೆ ಕೊರತೆಯಾಗದು, ಬೆಳ್ಳಿಗೆ ಮಹದುಪಕಾರವಾಗುತ್ತದೆ.

ಮೆರುಗೆಣ್ಣೆ ಬಳಿದರೆ ಒಮ್ಮೆಗೇ ಚಿಂತೆ ತೀರುವುದಲ್ಲವೇ ಎಂದು ಕೇಳುವವರುಂಟು. ವಸ್ತುಸಂಗ್ರಹಾಲಯಗಳಲ್ಲಿ ಸೆಲ್ಯುಲೋಸ್ ನೈಟ್ರೇಟಿನ ಪಾರದರ್ಶಕ ಲೇಪವನ್ನು ಬೆಳ್ಳಿಗೆ ಕೊಡುವ ಪದ್ಧತಿಯಿದೆ. ಆದರೆ ಅದು ನುರಿತವರ ಕೆಲಸ, ಹಲವು ವರ್ಷಗಳಿಗೊಮ್ಮೆ ಕರಗಿಸಿ ತೆಗೆದು ಹೊಸದಾಗಿ ಬಳಿಯಬೇಕಾದ ಕೆಲಸ. ಲೇಪದಲ್ಲಿ ಸೂಜಿಮೊನೆಯಷ್ಟು ಎಡೆ ಉಳಿದರೂ ಗಂಧಕ ಅಲ್ಲಿಯೇ ನುಗ್ಗಿ, ಕಪ್ಪು ಚುಕ್ಕೆಯಾಗಿ, ಲೇಪದ ಅಡಿಯಲ್ಲಿ ಹಬ್ಬುತ್ತದೆ. ಮರಕ್ಕೆ ಬಳಿಯುವ ವಾರ್ನಿಷನ್ನು ಬೆಳ್ಳಿಯ ಬಾಗಿಲಿಗೆ ಬಳಿಸಿದರೆ ಕೆಲವೇ ವರ್ಷಗಳಲ್ಲಿ ಅದು ಹಳದಿಗಟ್ಟುವುದು ಖಂಡಿತ. ಮನೆಯವರಿಗೆ ಹೊಂದುವುದು ಮೈಕ್ರೊಕ್ರಿಸ್ಟಲೈನ್ ಎಂಬ ಜಾತಿಯ ಶುದ್ಧ ಮೇಣ; ಬಟ್ಟೆಗೆ ಕಂಡೂ ಕಾಣದಷ್ಟು ಹಚ್ಚಿ ಸವರಿ, ಒಣಗಿದ ಮೇಲೆ ಒರೆಸಿದರೆ, ಕೈತಾಗುವ ಚಿಲಕ ಹಿಡಿಗಳಿಗೆ ಅದು ಕೆಲವು ತಿಂಗಳ ಕಾವಲು.

ಹೀಗೆಲ್ಲ ಎಚ್ಚರವಹಿಸಿದರೂ ಕಪ್ಪು ಬರುವುದು. ಅದನ್ನು ತೆಗೆಯಲೇಬೇಕಾದ ಸಂದರ್ಭವೂ ಬರುವುದು. ಆಗ ಒಪ್ಪತಕ್ಕ ಮಾರ್ಗವೊಂದುಂಟು: ಪ್ರೆಸಿಪಿಟೇಟೆಡ್ ಚಾಕ್ ಎಂದು ಔಷಧದ ಅಂಗಡಿಗಳಿಗೆ ಪರಿಚಿತವಾದ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನ ಹಿಟ್ಟನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಕಲಸಿ, ಹತ್ತಿಯಿಂದ ಹಗುರವಾಗಿ, ಉಬ್ಬಿದ ಭಾಗಗಳನ್ನು ಮಾತ್ರ ಸವರುವುದು. ಅದರ ಕಾಠಿಣ್ಯ ಹೆಚ್ಚುಕಡಿಮೆ ಬೆಳ್ಳಿಯ ಕಾಠಿಣ್ಯವೇ ಆದುದರಿಂದ ಗೀರು ಕನಿಷ್ಠ. ಅಲ್ಯೂಮಿನಿಯಂ ಹಾಳೆ, ಸೋಡ, ಬಿಸಿನೀರುಗಳ ಉಪಾಯವು ಈಗ ಮನೆಮನೆಗೂ ಹಬ್ಬಿದೆ. ಅದರಲ್ಲಿ ಗಂಧಕವು ಬೆಳ್ಳಿಯನ್ನು ಬಿಡುತ್ತದೆಂಬುದು ನಿಜ, ಸಲ್ಫೈಡಿನಲ್ಲಿದ್ದ ಬೆಳ್ಳಿ ಮರಳಿ ಪಾತ್ರೆಯ ಮೇಲೆಯೇ ಕೂರುತ್ತದೆಂಬುದೂ ನಿಜ. ಆದರೆ ಹಾಗೆ ಕೂತ ಬೆಳ್ಳಿ ಸಚ್ಛಿದ್ರವಾದುದು, ಮಂಕಾದುದು, ಮತ್ತೆ ಬೇಗ ಕಪ್ಪಾಗತಕ್ಕದ್ದು. ತಗ್ಗುಗಳಲ್ಲಿ ಅಕ್ಕಸಾಲಿಗನು ಬೇಕೆಂದೇ ಕೊಟ್ಟ ಕಪ್ಪೂ ಅದರೊಡನೆ ಹೋಗುತ್ತದೆ. ನುಣುಪಾದ ಹೊಸ ಲೋಟಕ್ಕೆ ಅದು ಆಗಬಹುದು. ಕುಸುರಿಯಿರುವ, ಹರಳು ಕೂರಿಸಿದ, ಅರಗು ತುಂಬಿದ ಹಳೆಯ ವಸ್ತುವಿಗೆ ಖಂಡಿತವಾಗಿಯೂ ಕೂಡದು. ಅದ್ದಿ ತೆಗೆದರೆ ಸಾಕೆಂದು ಮಾರುವ ದ್ರಾವಣಗಳಲ್ಲಿ ಸಾಮಾನ್ಯವಾಗಿರುವುದು ಆಮ್ಲ ಮತ್ತು ಥಯೋಯೂರಿಯ. ಅವು ಬೆಳ್ಳಿಯ ಮೈಯನ್ನು ಕೊರೆಯುತ್ತವೆ, ಕೈಗೂ ಉಸಿರಿಗೂ ಒಳ್ಳೆಯವಲ್ಲ.

ತಮ್ಮ ಕೈಯಿಂದ ಆಗದೆಂದು ಅಂಗಡಿಗೆ ಕೊಡುವವರು ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುತ್ತದೆ. ಆದುದರಿಂದ ಕೊಡುವ ಮುನ್ನ ಎದುರಿಗೇ ತೂಗಿಸಿ, ಹಿಂದಕ್ಕೆ ಪಡೆಯುವಾಗ ಮತ್ತೆ ತೂಗಿಸಿ ಬರೆಸಿಕೊಳ್ಳತಕ್ಕದ್ದು. ಇನ್ನೊಂದು, ತಿರುಗುವ ಬಫಿಂಗ್ ಚಕ್ರಕ್ಕೆ ಕೆತ್ತನೆಯ ಮೇಲೆ ಕರುಣೆಯಿಲ್ಲ. ನೂರು ವರ್ಷದ ಗೆರೆಗಳು ಕೆಲವೇ ನಿಮಿಷಗಳಲ್ಲಿ ನುಣ್ಣಗಾಗುತ್ತವೆ. ಬೆಂಗಳೂರಿನ ದಂಡಿನ ಪ್ರದೇಶದ ಹಳೆಯ ಬಂಗಲೆಗಳಿಂದಲೂ ಪ್ಲಾಂಟರುಗಳ ತೋಟದ ಮನೆಗಳಿಂದಲೂ ಬಂದ ಚಹಾದ ಪಾತ್ರೆ, ಮೇಣದಬತ್ತಿಯ ಕಂಬ ಮೊದಲಾದುವಂತೂ ಬಹುಮಟ್ಟಿಗೆ ಬೆಳ್ಳಿಯ ಮುಲಾಮಿನವು. ಇಂಗ್ಲೆಂಡಿನ ಎಲ್ಕಿಂಗ್‌ಟನ್ ಮನೆತನದವರು 1840ರಲ್ಲಿ ವಿದ್ಯುತ್ತಿನಿಂದ ಮುಲಾಮು ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದಂದಿನಿಂದ ಇಂಥ ಸಾಮಾನು ಲೋಕದಲ್ಲೆಲ್ಲ ಹರಡಿತು, ತಳದಲ್ಲಿ ಇ.ಪಿ.ಎನ್.ಎಸ್. ಎಂಬ ಅಕ್ಷರಗಳಿದ್ದರೆ ಅದು ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿಯ ತೆಳುಪದರವಷ್ಟೆ. ಅದನ್ನು ಉಜ್ಜಿ ಕಳೆದರೆ ಉಳಿಯುವುದು ಬೆಳ್ಳಿಯಲ್ಲ.

ನಮ್ಮ ನಾಡಿನದೇ ಆದ ಬಿದರಿಯ ಕೆಲಸದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದರ ಸೌಂದರ್ಯವಿರುವುದೇ ಕಪ್ಪಿನಲ್ಲಿ. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೂ ತಗಡನ್ನೂ ಹುದುಗಿಸಿ, ಬೀದರದ ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿದ ಲೇಪ ಕೊಟ್ಟಾಗ ತಳದ ಲೋಹ ಗಾಢವಾದ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉ‍ಳಿಯುತ್ತದೆ. 2006ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಕಲೆಯ ಹೂದಾನಿಯನ್ನೋ ಪಾನದಾನಿಯನ್ನೋ ಬೆಳ್ಳಿಯ ದ್ರಾವಣದಲ್ಲಿ ಅದ್ದಿದರೆ, ನಿಂಬೆಹಣ್ಣಿನಿಂದ ಉಜ್ಜಿದರೆ, ಕಪ್ಪು ತಳವೇ ಎದ್ದುಹೋಗಿ ಬೂದುಬಣ್ಣದ ಸತುವು ಉಳಿಯುತ್ತದೆ. ಒಣಬಟ್ಟೆಯಿಂದ ಒರೆಸಿ, ಎಂದಾದರೊಮ್ಮೆ ಒಂದು ತೊಟ್ಟು ಎಣ್ಣೆಯನ್ನು ಸವರಿದರೆ ಬಿದರಿಗೆ ಅದೇ ಶ್ರೇಷ್ಠ ಸೇವೆ.

ಕಪ್ಪಾದ ಬೆಳ್ಳಿ ಅಮಂಗಳವೆಂದು ಭಾವಿಸುವ ಹಿರಿಯರ ಮನಸ್ಸನ್ನು ನೋಯಿಸಬೇಕೆಂಬ ಉದ್ದೇಶ ನನಗಿಲ್ಲ. ಮಾಲಿನ್ಯ ಬೇರೆ, ವಯಸ್ಸಿನ ಛಾಯೆ ಬೇರೆ. ಧೂಳು, ಎಣ್ಣೆ, ಮಸಿಗಳನ್ನು ತೊಳೆದು, ವಿಶಾಲವಾದ ನುಣುಪು ಭಾಗಗಳಿಗೆ ಬೆಳಕು ಬರುವಂತೆ ಒರೆಸಿ, ಶಿಲ್ಪದ ತಗ್ಗುಗಳಲ್ಲಿ ನಿಂತ ನೆರಳನ್ನು ಹಾಗೆಯೇ ಬಿಟ್ಟರೆ ದೇವರಿಗೆ ಸಲ್ಲುವ ಶುಚಿತ್ವಕ್ಕೆ ಏನೂ ಕೊರತೆಯಿಲ್ಲ; ಆ ನೆರಳಿನಿಂದಲೇ ಮೂರ್ತಿಯ ಕಣ್ಣು ಕಣ್ಣಾಗಿ, ತುಟಿ ತುಟಿಯಾಗಿ ಕಾಣುವುದು.

ಮನೆಗಳ ಮಾತನ್ನು ಆಯಾ ಮನೆಯವರಿಗೆ ಬಿಡಬಹುದು. ಸಾರ್ವಜನಿಕರ ಬೆಳ್ಳಿಯ ಮಾತನ್ನು ಹಾಗೆ ಬಿಡಲಾಗದು. ಮೈಸೂರಿನ ಅರಮನೆಯ ಅಂಬಾವಿಲಾಸದ ಬೆಳ್ಳಿಯ ಬಾಗಿಲು, ಉಡುಪಿಯಲ್ಲಿ ಭಕ್ತರು ಶ್ರೀಕೃಷ್ಣನನ್ನು ಕಾಣುವ ಬೆಳ್ಳಿ ಹೊದಿಸಿದ ನವಗ್ರಹ ಕಿಂಡಿ, ಊರೂರ ದೇವಾಲಯಗಳ ಕವಚ, ಪ್ರಭಾವಳಿ, ಪಲ್ಲಕ್ಕಿ ಇವು ಯಾರೊಬ್ಬರ ಸ್ವತ್ತೂ ಅಲ್ಲ. ಉತ್ಸವದ ಹಿಂದಿನ ದಿನ ಕೂಲಿಗೆ ಬಂದವರ ಕೈಯಲ್ಲಿ ಪುಡಿಯನ್ನೂ ತಂತಿಯ ಬ್ರಷ್ಷನ್ನೂ ಕೊಟ್ಟು ಪ್ರಭಾವಳಿಯನ್ನು ಒಪ್ಪಿಸುವ ಪದ್ಧತಿಯನ್ನು ದೇವಾಲಯಗಳ ಆಡಳಿತ ಸಮಿತಿಗಳು ಕೂಡಲೇ ನಿಲ್ಲಿಸಬೇಕು. ಪ್ರತಿಯೊಂದು ಬೆಳ್ಳಿಯ ವಸ್ತುವಿನ ತೂಕವನ್ನೂ ಹತ್ತಿರದಿಂದ ತೆಗೆದ ಛಾಯಾಚಿತ್ರವನ್ನೂ ದಾಖಲೆಯಲ್ಲಿಡಬೇಕು. ಎಷ್ಟು ಸವೆಯಿತೆಂಬುದನ್ನು ಮುಂದಿನವರು ಅದರಿಂದಲೇ ತಿಳಿಯಬಲ್ಲರು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಶಾಲೆಯ ಪ್ರಾದೇಶಿಕ ಶಾಖೆಯೊಂದು ಮೈಸೂರಿನಲ್ಲಿಯೇ ಇದೆ; ಅಲ್ಲಿಯ ತಜ್ಞರ ನೆರವಿನಿಂದ ಅರ್ಚಕರಿಗೂ ಪರಿಚಾರಕರಿಗೂ ಎರಡು ದಿನದ ತರಬೇತಿಯನ್ನು ಕೊಡಿಸುವುದು ಮುಜರಾಯಿ ಇಲಾಖೆಗೆ ದೊಡ್ಡ ಹೊರೆಯಾಗದು. ಬೆಳ್ಳಿಯ ವರ್ತಕರಲ್ಲಿಯೂ ಒಂದು ವಿನಂತಿ: ಮಾರಿದ ಒಂದೊಂದು ಸಾಮಾನಿನೊಡನೆ ಕೆಂಪು ಮಕಮಲ್ಲಿನ ಪೆಟ್ಟಿಗೆಗೆ ಬದಲಾಗಿ ಬಣ್ಣವಿಲ್ಲದ ಹತ್ತಿಯ ಚೀಲವನ್ನು ಕೊಡಿ, ಅದರೊಳಗೆ ಹೇಗೆ ಇಡಬೇಕು, ಯಾವುದರಿಂದ ಉಜ್ಜಬಾರದು ಎಂದು ಕನ್ನಡದಲ್ಲಿ ನಾಲ್ಕು ಸಾಲು ಅಚ್ಚುಹಾಕಿದ ಚೀಟಿಯೊಂದನ್ನು ಇಡಿ.